ಡ್ರೈ ಸಂಪ್ ಕೂರಿಸುವವರು ಮೊದಲು ನೋಡಬೇಕಾದದ್ದು ವಾಪಸ್ ಬರುವ ಆಯಿಲಿನ ದಾರಿ

ಮಾನ್ಯ ಸಂಪಾದಕರೇ,

ರೇಸ್ ಟ್ರ್ಯಾಕಿಗೆಂದೇ ಹಗುರವಾದ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುವವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿ ಸಂತೋಷವಾಯಿತು. ಇಂಥ ವಿಷಯ ಕನ್ನಡದಲ್ಲಿ ಬರುವುದೇ ಅಪರೂಪ. ಆದರೆ ಡ್ರೈ ಸಂಪ್, ಅಂದರೆ ಎಂಜಿನ್ನಿನ ಆಯಿಲನ್ನು ಅದರ ಅಡಿಯಲ್ಲಿ ನಿಲ್ಲಿಸದೆ ಬೇರೆ ಟ್ಯಾಂಕಿನಲ್ಲಿಡುವ ಏರ್ಪಾಡಿನ ಬಗ್ಗೆ ಅದರಲ್ಲಿದ್ದ ಎರಡು ಮಾತನ್ನು ತಿದ್ದಲೇಬೇಕು. ‘ಡ್ರೈ ಸಂಪ್ ಹಾಕಿಸಿದರೆ ಆಯಿಲ್ ಕಡಿಮೆ ಸಾಕು’ ಎಂಬುದು ಒಂದು. ‘ಕಿಟ್ ತರಿಸಿ ಕೂರಿಸಿದರೆ ಕೆಲಸ ಮುಗಿಯಿತು’ ಎಂಬುದು ಇನ್ನೊಂದು. ಡ್ರೈ ಸಂಪ್ ಎಂಜಿನ್ನಿಗೆ ಆಯಿಲ್ ಹೆಚ್ಚು ಬೇಕು, ಕಡಿಮೆ ಅಲ್ಲ. ಕಿಟ್ಟಿನಲ್ಲಿ ಬರುವ ಪಂಪು ಈ ಕೆಲಸದ ಒಂದು ತುಂಡು ಅಷ್ಟೆ. ಎಂಜಿನ್ನಿನ ಅಡಿಯಿಂದ ಆಯಿಲನ್ನು ವಾಪಸ್ ಎಳೆಯುವ ದಾರಿ, ಟ್ಯಾಂಕು ಮತ್ತು ಪೈಪು ನೆಟ್ಟಗಿಲ್ಲದಿದ್ದರೆ ಎಷ್ಟು ದುಬಾರಿ ಪಂಪು ತಂದರೂ ಎಂಜಿನ್ ಉಳಿಯುವುದಿಲ್ಲ. ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು, ಗ್ಯಾರೇಜಿನ ಹುಡುಗರು ಆ ಬರಹ ನಂಬಿ ದುಡ್ಡು ಕಳೆದುಕೊಳ್ಳಬಾರದು ಎಂದು ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮಾಮೂಲಿ ಕಾರಿನಲ್ಲಿ ಆಯಿಲ್ ಇರುವುದು ಎಂಜಿನ್ನಿನ ಅಡಿಗೆ, ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ತಟ್ಟೆಯಲ್ಲಿ. ಅದರ ತಳದಲ್ಲಿ ಮುಳುಗಿರುವ ಹೀರುಕೊಳವೆಯಿಂದ ಪಂಪು ಆಯಿಲ್ ಎಳೆದು ಬೇರಿಂಗುಗಳಿಗೆ ಕಳಿಸುತ್ತದೆ. ಹರಿವಾಣದಲ್ಲಿ ನೀರು ಹಿಡಿದು ಓಡುತ್ತಾ ತಟ್ಟನೆ ತಿರುಗಿದರೆ ನೀರು ಏನಾಗುತ್ತದೋ, ತಿರುವಿನಲ್ಲಿ ಚೇಂಬರಿನ ಆಯಿಲಿಗೂ ಅದೇ ಆಗುತ್ತದೆ. ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕಕ್ಕೆ ಸಮವಾದಾಗ, ಅಂದರೆ 1 ಜಿ ಆದಾಗ, ಆಯಿಲಿನ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಚೇಂಬರ್ 25 ಸೆಂ.ಮೀ. ಅಗಲವಿದ್ದರೆ ಒಂದು ಬದಿಯ ಆಯಿಲ್ ಇನ್ನೊಂದು ಬದಿಗಿಂತ 25 ಸೆಂ.ಮೀ. ಮೇಲಕ್ಕೇರಲು ನೋಡುತ್ತದೆ. ಅಷ್ಟು ಎತ್ತರದ ಚೇಂಬರ್ ಯಾವ ಕಾರಿಗೂ ಇರುವುದಿಲ್ಲ. ಹಾಗಾಗಿ ಆಯಿಲ್ ಗೋಡೆ ಹತ್ತಿ ಬ್ಲಾಕಿನೊಳಗೆ ಹೋಗುತ್ತದೆ, ಹೀರುಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ರಸ್ತೆಯ ಟೈರಿನಲ್ಲಿ ಓಡುವ ಸಾಧಾರಣ ಕಾರು 0.8 ಜಿ ಆಸುಪಾಸಿನಲ್ಲೇ ಜಾರತೊಡಗುತ್ತದೆ, ಅದಕ್ಕೇ ಅದರ ಎಂಜಿನ್ ಬದುಕಿಕೊಳ್ಳುತ್ತದೆ. 500-600 ಕೆ.ಜಿ. ತೂಕದ ಕಾರಿಗೆ ಮೆತ್ತನೆಯ ರೇಸ್ ಟೈರ್ ಹಾಕಿದರೆ ಆ ರಕ್ಷಣೆ ಹೋಗುತ್ತದೆ. ಕಾರು ಹಗುರವಾದಷ್ಟೂ, ಹಿಡಿತ ಹೆಚ್ಚಿದಷ್ಟೂ ಬಿಗ್ ಎಂಡ್ ಬೇರಿಂಗಿಗೆ, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕ್ ಎಂಬ ತಿರುಗುವ ಮುಖ್ಯ ದಂಡವನ್ನು ಹಿಡಿಯುವ ಕಡೆಯ ಬೇರಿಂಗಿಗೆ, ಅಪಾಯ ಹತ್ತಿರ.

7000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಅರ್ಧ ಸೆಕೆಂಡಿಗೆ 58 ಸುತ್ತು ಸುತ್ತುತ್ತದೆ. ಬೇರಿಂಗಿಗೂ ಅದರೊಳಗೆ ತಿರುಗುವ ಕ್ರ್ಯಾಂಕಿನ ಗುಂಡು ಭಾಗವಾದ ಜರ್ನಲ್ಲಿಗೂ ನಡುವೆ ಇರುವ ಸಂದು ಜರ್ನಲ್ ವ್ಯಾಸದ ಸಾವಿರದಲ್ಲಿ ಒಂದು ಪಾಲಿನಷ್ಟು. 43 ಮಿ.ಮೀ. ಜರ್ನಲ್ಲಿಗೆ 0.04 ಮಿ.ಮೀ. ಚಿಲ್ಲರೆ, ಅಷ್ಟೆ. ಆ ಸಂದಿನಲ್ಲಿ ಆಯಿಲಿನ ಬದಲು ನೊರೆ ತುಂಬಿ 58 ಸುತ್ತು ಉರುಳಿದರೆ ಬೇರಿಂಗಿನ ಮೇಲ್ಪದರ ಸವೆಯಲು ಅದೇ ಸಾಕು. ಒಂದೇ ತಿರುವಿನಲ್ಲಿ ಎಂಜಿನ್ ಸೀಜ್ ಆಗುವುದು ಕಡಿಮೆ. ನಾಲ್ಕೈದು ಬಾರಿ ಟ್ರ್ಯಾಕಿಗೆ ಹೋಗಿ ಬಂದ ಮೇಲೆ, ನೇರ ದಾರಿಯಲ್ಲಿ ಓಡುವಾಗ ರಾಡು ಬ್ಲಾಕನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಆಗ ಎಲ್ಲರೂ ಬೈಯುವುದು ಆಯಿಲಿನ ಬ್ರ್ಯಾಂಡನ್ನು.

ಡ್ರೈ ಸಂಪಿನಲ್ಲಿ ಚೇಂಬರಿನಲ್ಲಿ ಆಯಿಲ್ ನಿಲ್ಲಿಸುವುದೇ ಇಲ್ಲ. ಕೆಳಗೆ ಬಿದ್ದದ್ದನ್ನು ಬಿದ್ದ ಹಾಗೇ ವಾಪಸ್ ಎಳೆಯುವ ಪಂಪು ಎತ್ತಿ ಬೇರೊಂದು ಟ್ಯಾಂಕಿಗೆ ಹಾಕುತ್ತದೆ. ಇದಕ್ಕೆ ಸ್ಕ್ಯಾವೆಂಜ್ ಪಂಪ್ ಎನ್ನುತ್ತಾರೆ. ಟ್ಯಾಂಕಿನ ತಳದಿಂದ ಪ್ರೆಶರ್ ಪಂಪು ಆಯಿಲ್ ತೆಗೆದು ಎಂಜಿನ್ನಿಗೆ ಕಳಿಸುತ್ತದೆ. ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಎಂಜಿನ್ನನ್ನು ಓರೆಯಾಗಿ ಮಲಗಿಸಿ ಡ್ರೈ ಸಂಪ್ ಕೊಟ್ಟಿದ್ದರು. ಪೋರ್ಷೆ 911ರಲ್ಲಿ 1964ರಿಂದಲೇ ಇತ್ತು. ಅಷ್ಟು ದೂರವೂ ಹೋಗಬೇಕಿಲ್ಲ. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನಲ್ಲಿ ಆಯಿಲ್ ಟ್ಯಾಂಕು ಕ್ರ್ಯಾಂಕ್ ಕೇಸಿಗೇ ಸೇರಿಕೊಂಡಿದ್ದರೂ ಅದರ ಕೋಣೆ ಬೇರೆ; ಕಳಿಸಲು ಒಂದು ಪಂಪು, ವಾಪಸ್ ಎಳೆಯಲು ಇನ್ನೊಂದು. ಬುಲೆಟ್ ಬಿಚ್ಚಿ ಜೋಡಿಸಿದ ಹಳೆಯ ಮೆಕ್ಯಾನಿಕ್ ಯಾರನ್ನೇ ಕೇಳಿ, ವಾಪಸ್ ಪಂಪು ಸೋತರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಶುರುವಾದ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರುಗಳಿಗೆ ಬೇಕಾದ ಟರ್ಬೈನ್ ಎಂಜಿನ್ನುಗಳೂ ಇದೇ ತತ್ವದ ಮೇಲೆ ನಡೆಯುವಂಥವು.

ಮೊದಲ ಪ್ರಶ್ನೆ, ನಿಮ್ಮ ಕಾರಿಗೆ ಇದು ಬೇಕೇ ಎಂಬುದು. ದೇವರಾಯನದುರ್ಗದ ಘಾಟಿನಲ್ಲೋ ನಂದಿ ಬೆಟ್ಟದ ದಾರಿಯಲ್ಲೋ ಓಡಿಸಲು ಬೇಡವೇ ಬೇಡ. ಅಲ್ಲಿಯ ಹೇರ್‌ಪಿನ್ ತಿರುವುಗಳಲ್ಲಿ ವೇಗ ಕಡಿಮೆ, ಬಲ ಬೀಳುವ ಸಮಯವೂ ಕಡಿಮೆ, ಅದಕ್ಕಿಂತ ಹೆಚ್ಚಾಗಿ ಅದು ಜನ ಓಡಾಡುವ ರಸ್ತೆ. ಆಯಿಲ್ ಬರಿದಾಗುವುದು ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯ 3.7 ಕಿ.ಮೀ. ಟ್ರ್ಯಾಕಿನಂಥ ಕಡೆ, ಎರಡು ಮೂರು ಸೆಕೆಂಡು ಬಿಡದೆ ಒಂದೇ ಬದಿಗೆ ವಾಲಿಸುವ ಉದ್ದ ತಿರುವಿನಲ್ಲಿ. ಆಯಿಲ್ ಪ್ರೆಶರ್ ಗೇಜಿನ ಮುಂದೆ ಒಂದು ಸಣ್ಣ ಕ್ಯಾಮೆರಾ ಕಟ್ಟಿ ನಾಲ್ಕು ಸುತ್ತು ಹೊಡೆದು ಬನ್ನಿ. ತಿರುವಿನಲ್ಲಿ ಮುಳ್ಳು ಕುಸಿಯದಿದ್ದರೆ ಆ ದುಡ್ಡನ್ನು ಬ್ರೇಕಿಗೆ ಹಾಕಿ. ಸ್ವಲ್ಪ ಕುಸಿದರೆ ಚೇಂಬರಿನೊಳಗೆ ಹೀರುಕೊಳವೆಯ ಸುತ್ತ ಪೆಟ್ಟಿಗೆ ಕಟ್ಟಿ, ಆಯಿಲನ್ನು ಒಳಗೆ ಮಾತ್ರ ಬಿಡುವ ಕೀಲಿನ ಬಾಗಿಲು ಕೊಟ್ಟು, ಮೇಲೆ ಒಂದು ತಗಡಿನ ತಡೆ ಹಾಕಿದರೆ ಎಷ್ಟೋ ಎಂಜಿನ್ನುಗಳಿಗೆ ಸಾಕಾಗುತ್ತದೆ. ಇದಷ್ಟೂ ಅಂತರಸನಹಳ್ಳಿಯ ಯಾವುದೇ ಶೀಟ್ ಮೆಟಲ್ ಕೆಲಸದವರು ಮಾಡಿಕೊಡಬಲ್ಲದ್ದು. ಇಷ್ಟಾದ ಮೇಲೂ ಮುಳ್ಳು ಬೀಳುತ್ತದೆ, ಅಥವಾ ಎಂಜಿನ್ನನ್ನು ಇನ್ನೂ ಆರೇಳು ಸೆಂ.ಮೀ. ಕೆಳಗೆ ಕೂರಿಸಬೇಕು ಎಂದಾದರೆ ಡ್ರೈ ಸಂಪಿಗೆ ಕೈ ಹಾಕಿ. ಕಾರಿನ ಮೇಲೆ 10 ಕೆ.ಜಿ. ಆಸುಪಾಸು ತೂಕ ಏರುತ್ತದೆ, ಅದು ಲೆಕ್ಕದಲ್ಲಿರಲಿ.

ಇನ್ನು ವಾಪಸ್ ಎಳೆಯುವ ಬದಿ. ಕೆಡುವುದೆಲ್ಲ ಇಲ್ಲೇ.

ಕ್ರ್ಯಾಂಕಿನಿಂದ ಸಿಡಿದು ಕೆಳಗೆ ಬೀಳುವ ಆಯಿಲಿನಲ್ಲಿ ಗಾಳಿ ಬೆರೆತಿರುತ್ತದೆ. 1 ಲೀಟರ್ ಆಯಿಲ್ ವಾಪಸ್ ಎತ್ತಬೇಕಾದರೆ 2 ಲೀಟರ್ ನೊರೆ ಎತ್ತಬೇಕಾಗಬಹುದು. ಆದ್ದರಿಂದ ವಾಪಸ್ ಎಳೆಯುವ ಶಕ್ತಿ ಕಳಿಸುವ ಶಕ್ತಿಯ ಎರಡು ಪಟ್ಟಿಗಿಂತ ಕಡಿಮೆ ಇರಬಾರದು. ಒಂದು ಲೆಕ್ಕ ಹಾಕೋಣ. ಪಂಪಿನ ಪ್ರೆಶರ್ ವಿಭಾಗ ಒಂದು ಸುತ್ತಿಗೆ 10 ಸಿಸಿ ತಳ್ಳುತ್ತದೆ, ಎರಡು ಸ್ಕ್ಯಾವೆಂಜ್ ವಿಭಾಗಗಳು ತಲಾ 12 ಸಿಸಿ ಎಳೆಯುತ್ತವೆ ಎನ್ನಿ. ಪಂಪು 3500 ಆರ್‌ಪಿಎಂನಲ್ಲಿ ತಿರುಗುವಾಗ ನಿಮಿಷಕ್ಕೆ 35 ಲೀಟರ್ ಹೋಗುತ್ತದೆ, 84 ಲೀಟರ್ ಬರುವಷ್ಟು ಎಳೆತ ಇರುತ್ತದೆ. ಅಂದರೆ 2.4 ಪಟ್ಟು. ಇದು ಸರಿಯಾದ ಜೋಡಿ. ಇದೇ ಲೆಕ್ಕದಲ್ಲಿ ಟ್ಯಾಂಕಿನಲ್ಲಿ 6 ಲೀಟರ್ ಆಯಿಲ್ ಇದ್ದರೆ ಅದಷ್ಟೂ ಹತ್ತು ಸೆಕೆಂಡಿಗೊಮ್ಮೆ ಎಂಜಿನ್ ಸುತ್ತಿ ಬರುತ್ತದೆ. ನೊರೆಯಿಂದ ಗಾಳಿ ಬಿಟ್ಟುಹೋಗಲು ಸಿಗುವುದು ಆ ಹತ್ತೇ ಸೆಕೆಂಡು. ಮೂರು ಲೀಟರ್ ಹಾಕಿದರೆ ಐದು ಸೆಕೆಂಡು. ‘ಆಯಿಲ್ ಕಡಿಮೆ ಸಾಕು’ ಎನ್ನುವ ಮಾತು ಅಪಾಯ ಎಂದದ್ದು ಇದಕ್ಕೆ.

ಅಡಿಯ ತಟ್ಟೆಯಲ್ಲಿ ಎರಡು ಹೀರುಬಾಯಿ ಇರಬೇಕು, ಮುಂದೊಂದು ಹಿಂದೊಂದು. ಬ್ರೇಕ್ ಒತ್ತಿದಾಗ ಆಯಿಲ್ ಮುಂದಕ್ಕೆ, ಆಕ್ಸಿಲರೇಟರ್ ಒತ್ತಿದಾಗ ಹಿಂದಕ್ಕೆ ಓಡುತ್ತದೆ. ಅಡ್ಡದಲ್ಲಿ ನೋಡಿದರೆ, ಕ್ರ್ಯಾಂಕಿನ ಕೆಳಭಾಗ ಯಾವ ಕಡೆಗೆ ಬೀಸುತ್ತದೋ ಆ ಗೋಡೆಯ ಉದ್ದಕ್ಕೂ ಒಂದು ಕಾಲುವೆ ಬಿಟ್ಟು, ಅದರ ಎರಡು ತುದಿಗೆ ಹೀರುಬಾಯಿ ಇಡಬೇಕು. ಒಂದೊಂದು ಬಾಯಿಗೂ ಪಂಪಿನಲ್ಲಿ ಅದರದೇ ವಿಭಾಗ ಬೇಕು. ದುಡ್ಡು ಉಳಿಸಲು ಎರಡು ಬಾಯಿಗಳನ್ನು ಟೀ, ಅಂದರೆ ಟಿ ಆಕಾರದ ಕವಲುಪೈಪು, ಹಾಕಿ ಒಂದೇ ವಿಭಾಗಕ್ಕೆ ಸೇರಿಸುವವರಿದ್ದಾರೆ. ಎರಡು ಸ್ಟ್ರಾಗಳನ್ನು ಒಟ್ಟಿಗೆ ಬಾಯಲ್ಲಿಟ್ಟುಕೊಂಡು ಒಂದನ್ನು ಎಳನೀರಿನಲ್ಲಿ, ಇನ್ನೊಂದನ್ನು ಹೊರಗೆ ಬಿಟ್ಟು ಹೀರಿ ನೋಡಿ, ಗಾಳಿಯೇ ಬರುತ್ತದೆ. ಪಂಪಿಗೂ ಸುಲಭದ ದಾರಿಯೇ ಇಷ್ಟ. ಆಯಿಲ್ ಇರುವ ಕಡೆಯಿಂದ ಒಂದು ಹನಿಯೂ ಬಾರದೆ, ಚೇಂಬರ್ ತುಂಬಿ, ಕ್ರ್ಯಾಂಕ್ ಅದನ್ನು ಕಡೆದು ಮಜ್ಜಿಗೆ ಮಾಡುತ್ತದೆ. ಟ್ಯಾಂಕು ಬರಿದಾಗುತ್ತದೆ. ಒಳ್ಳೆಯ ಕಿಟ್ ತಂದವರೂ ಬಹಳ ಸಲ ಎಡವುವುದು ಈ ಒಂದು ಟೀಯಲ್ಲಿ.

ತಟ್ಟೆ ಮಾಡಿಸಲು ಹೊರಗೆ ಹೋಗಬೇಕಾದ್ದೇ ಇಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರಿದು, ಮೈಕ್ರಾನ್ ಎಂದರೇನೆಂದು ಇಲ್ಲಿಯ ಟರ್ನರುಗಳಿಗೆ ಹೇಳಿಕೊಡಬೇಕಿಲ್ಲ. ಬ್ಲಾಕಿಗೆ ಕೂರುವ ಫ್ಲ್ಯಾಂಜನ್ನು 10 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ಕತ್ತರಿಸಿ, ಗೋಡೆ ಮತ್ತು ತಳಕ್ಕೆ 4ರಿಂದ 5 ಮಿ.ಮೀ. ಹಾಕಿ ಆರ್ಗಾನ್ ವೆಲ್ಡಿಂಗ್ ಮಾಡಿಸಬೇಕು. ಒಳ ಆಳ 50-60 ಮಿ.ಮೀ. ಸಾಕು. ವೆಲ್ಡಿಂಗ್ ಶಾಖಕ್ಕೆ ಫ್ಲ್ಯಾಂಜ್ ಬಾಳೆಎಲೆಯ ಹಾಗೆ ಸುರುಟಿಕೊಳ್ಳುತ್ತದೆ. ಹಾಗಾಗದಂತೆ ಯಾವುದಾದರೂ ಗುಜರಿ ಬ್ಲಾಕಿಗೆ ಎಲ್ಲ ಬೋಲ್ಟುಗಳನ್ನೂ ಬಿಗಿದು, ಅದರ ಮೇಲೇ ವೆಲ್ಡ್ ಮಾಡಿಸಿ, ಪೂರ್ತಿ ಆರಿದ ಮೇಲೆ ಬಿಚ್ಚಿ, ಕೊನೆಗೆ ಮಿಲ್ಲಿಂಗಿನಲ್ಲಿ ಮುಖ ತೆಗೆಸಿ. ಸಪಾಟು ಕಲ್ಲಿನ ಮೇಲೆ ಮಗುಚಿ ಇಟ್ಟಾಗ 0.1 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲೂ ಒಳಗೆ ಹೋಗಬಾರದು. ಕನೆಕ್ಟಿಂಗ್ ರಾಡಿನ ಬೋಲ್ಟಿಗೂ ತಳಕ್ಕೂ ಸಂದು ಎಷ್ಟಿದೆ ಎಂದು ಕಣ್ಣಂದಾಜಿನಲ್ಲಿ ಬಿಡಬೇಡಿ. ತಳಕ್ಕೆ ಮೇಣದ ಮಣ್ಣು ಅಂಟಿಸಿ, ತಟ್ಟೆ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಅತಿ ತೆಳುವಾದ ಕಡೆ ಅಳೆಯಿರಿ. 8 ಮಿ.ಮೀ.ಗಿಂತ ಕಡಿಮೆ ಬಂದರೆ ತಳ ಇಳಿಸಿ.

ವೆಲ್ಡಿಂಗ್ ಸೋರುತ್ತದೆಯೇ ಎಂದು ನೋಡಲು ಹಳೆಯ ಕಾಲದ ಪರೀಕ್ಷೆಯೇ ಒಳ್ಳೆಯದು. ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬೆಸುಗೆಯ ಹೊರಬದಿಗೆ ಬಳಿದು ಒಣಗಿಸಿ. ಒಳಗೆ ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಬಿಡಿ, ಸಿಗದಿದ್ದರೆ ಡೀಸೆಲ್. ಸೂಜಿಮೊನೆಯಷ್ಟು ತೂತಿದ್ದರೂ ಬೆಳಿಗ್ಗೆ ಬಿಳಿಯ ಮೇಲೆ ಒದ್ದೆ ಮಚ್ಚೆ ಎದ್ದಿರುತ್ತದೆ. ತೂತು ಸಿಕ್ಕ ಕಡೆ ಮೇಲೆ ಮೇಲೆ ವೆಲ್ಡ್ ತೇಪೆ ಹಾಕಿದರೆ ಪಕ್ಕದಲ್ಲಿ ಬಿರಿಯುತ್ತದೆ. ಎಣ್ಣೆಯಂಶ ಪೂರ್ತಿ ತೊಳೆದು, ಒಣಗಿಸಿ, ಆ ಭಾಗ ಉಜ್ಜಿ ತೆಗೆದು ಹೊಸದಾಗಿ ತುಂಬಿಸಬೇಕು.

ನಮ್ಮಲ್ಲಿ ಹಗುರ ಕಾರಿಗೆ ಸುಲಭವಾಗಿ ಸಿಗುವುದು ಎಸ್ಟೀಮ್, ಜಿಪ್ಸಿಯ 1298 ಸಿಸಿ ಜಿ13 ಎಂಜಿನ್. ಅದರ ಮೂಲ ಆಯಿಲ್ ಪಂಪು ಕ್ರ್ಯಾಂಕಿನ ಮೂತಿಯ ಮೇಲೇ ಕೂತು, ಕ್ರ್ಯಾಂಕ್ ಸುತ್ತಿದಷ್ಟೇ ಸುತ್ತುತ್ತದೆ. ಇಲ್ಲಿ ಎರಡು ದಾರಿ. ಮೂಲ ಪಂಪನ್ನು ಪ್ರೆಶರ್ ಪಂಪಾಗಿ ಉಳಿಸಿಕೊಂಡು, ಅದರ ಹೀರುದಾರಿಯನ್ನು ಟ್ಯಾಂಕಿಗೆ ಜೋಡಿಸಿ, ಹೊರಗೆ ಎರಡು ವಿಭಾಗದ ಸ್ಕ್ಯಾವೆಂಜ್ ಪಂಪು ಮಾತ್ರ ಹಾಕುವುದು ಅಗ್ಗದ ದಾರಿ. ಬೆಲ್ಟ್ ತುಂಡಾದರೂ ಟ್ಯಾಂಕಿನಲ್ಲಿ ಆಯಿಲ್ ಇರುವವರೆಗೆ ಪ್ರೆಶರ್ ಉಳಿಯುವುದು ಇದರ ದೊಡ್ಡ ಗುಣ. ಆ ಮೂಲ ಪಂಪಿನ ರಿಲೀಫ್ ವಾಲ್ವು ಹೆಚ್ಚಾದ ಆಯಿಲನ್ನು ಚೇಂಬರಿಗೆ ಬಿಡುವಂಥದ್ದಾದರೆ ಅದನ್ನೂ ಎತ್ತುವ ಶಕ್ತಿ ಸ್ಕ್ಯಾವೆಂಜಿಗೆ ಬೇಕು. ಇನ್ನೊಂದು ದಾರಿ ಮೂರು ವಿಭಾಗದ ಹೊರ ಪಂಪು. ಆಗ ಮೂಲ ಪಂಪಿನ ಒಳಗಿನ ಗೇರುಗಳನ್ನು ತೆಗೆಯಬೇಕು. ಮುಂದಿನ ಕ್ರ್ಯಾಂಕ್ ಸೀಲ್ ಅದರ ಕವಚದಲ್ಲೇ ಇರುವುದರಿಂದ ಕವಚ ಉಳಿಯಬೇಕು, ರಿಲೀಫ್ ವಾಲ್ವಿನ ತೂತು ಮತ್ತು ಹೀರುದಾರಿಯನ್ನು ದಾರ (ಥ್ರೆಡ್) ಹಾಕಿ ಪ್ಲಗ್ ಹೊಡೆದು ಮುಚ್ಚಬೇಕು. ಒಂದನ್ನು ಮರೆತರೂ ಹೊಸ ಪಂಪು ಕಳಿಸಿದ ಆಯಿಲ್ ಆ ತೂತಿನಿಂದ ನೇರ ಚೇಂಬರಿಗೆ ಬಿದ್ದು ಪ್ರೆಶರ್ ಏಳುವುದೇ ಇಲ್ಲ. ಮೊದಲ ಸಲ ಮಾಡುವವರು ಅಗ್ಗದ ದಾರಿಯನ್ನೇ ಹಿಡಿಯಲಿ ಎಂಬುದು ನನ್ನ ಅಭಿಪ್ರಾಯ.

ಪಂಪನ್ನು ಬ್ಲಾಕಿಗೇ ಕಟ್ಟಬೇಕು, ಚಾಸಿಗಲ್ಲ. ರಬ್ಬರ್ ಮೌಂಟಿನ ಮೇಲೆ ಎಂಜಿನ್ ಅಲುಗಿದಂತೆಲ್ಲ ಬೆಲ್ಟ್ ಜಗ್ಗಿ ಸಡಿಲವಾಗುತ್ತದೆ. 8 ಮಿ.ಮೀ. ಹಲ್ಲಿನ ಎಚ್‌ಟಿಡಿ ಬೆಲ್ಟ್, ಕ್ರ್ಯಾಂಕಿಗೆ 22 ಹಲ್ಲಿನ ಪುಲ್ಲಿ, ಪಂಪಿಗೆ 44 ಹಲ್ಲಿನದು ಹಾಕಿದರೆ ಪಂಪು ಅರ್ಧ ವೇಗದಲ್ಲಿ ತಿರುಗುತ್ತದೆ. ಪುಲ್ಲಿಗಳ ವ್ಯಾಸ 56 ಮತ್ತು 112 ಮಿ.ಮೀ. ಬರುತ್ತದೆ, ಲೇತ್ ಅಂಗಡಿಗೆ ಹೋಗುವ ಮೊದಲೇ ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಎರಡು ಪುಲ್ಲಿಯ ಮುಖಕ್ಕೆ ನೇರವಾದ ಪಟ್ಟಿ ಹಿಡಿದಾಗ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಾಣಬಾರದು. ಬೆಲ್ಟನ್ನು ಫ್ಯಾನ್ ಬೆಲ್ಟಿನ ಹಾಗೆ ಬಿಗಿಯುವುದು ತಪ್ಪು. ಅಲ್ಯೂಮಿನಿಯಂ ಬ್ರ್ಯಾಕೆಟ್ಟು ಬಿಸಿಗೆ ಹಿಗ್ಗಿ ಬೆಲ್ಟ್ ತಾನೇ ಬಿಗಿಯಾಗುತ್ತದೆ. ತಣ್ಣಗಿರುವಾಗ ಹೆಬ್ಬೆರಳಿನಿಂದ ಒತ್ತಿದರೆ 8-10 ಮಿ.ಮೀ. ಬಗ್ಗುವಷ್ಟು ಸಡಿಲ ಬಿಡಿ, ಇಲ್ಲವಾದರೆ ಪಂಪಿನ ಮುಂದಿನ ಬೇರಿಂಗ್ ಮೊದಲು ಹೋಗುತ್ತದೆ. ಬೆಲ್ಟಿನ ದಾರಿಗೆ ಜಲ್ಲಿಕಲ್ಲು ಸಿಡಿಯದಂತೆ ಒಂದು ತಗಡಿನ ಮರೆ ಬೇಕೇ ಬೇಕು. ಹಲ್ಲಿನ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿದರೂ ಬೆಲ್ಟ್ ಹರಿಯುತ್ತದೆ.

ಟ್ಯಾಂಕು ಎತ್ತರವಾಗಿ ಸಣ್ಣಗಿರಬೇಕು. ಜಾಗ ಇದೆಯೆಂದು ಅಗಲವಾಗಿ ಮೋಟಾಗಿ ಮಾಡಿಸಿದರೆ ಚೇಂಬರಿನ ಕಾಯಿಲೆ ಟ್ಯಾಂಕಿಗೆ ಬಂತು ಅಷ್ಟೆ. 150 ಮಿ.ಮೀ. ವ್ಯಾಸ, 450 ಮಿ.ಮೀ. ಎತ್ತರ ಇಟ್ಟರೆ ಒಟ್ಟು 8 ಲೀಟರ್ ಹಿಡಿಯುತ್ತದೆ. ಅದರಲ್ಲಿ ಐದೂವರೆ ಲೀಟರ್ ಆಯಿಲ್, ಉಳಿದದ್ದು ಗಾಳಿ ಬಿಡಲು ಜಾಗ. ವಾಪಸ್ ಬರುವ ಪೈಪು ಆಯಿಲ್ ಮಟ್ಟಕ್ಕಿಂತ ಮೇಲೆ, ಗೋಡೆಗೆ ಒರಸಿಕೊಂಡು ಸುತ್ತುವ ಹಾಗೆ ಓರೆಯಾಗಿ ಒಳಗೆ ಬರಬೇಕು. ಸುತ್ತುವಾಗ ಭಾರದ ಆಯಿಲ್ ಗೋಡೆ ಹಿಡಿದು ಇಳಿಯುತ್ತದೆ, ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ನೇರ ಕೆಳಗೆ ಸುರಿಯುವ ಪೈಪು ಕೊಟ್ಟರೆ ಬೀಳುವ ಧಾರೆಯೇ ಹೊಸ ನೊರೆ ಎಬ್ಬಿಸುತ್ತದೆ. ಮಧ್ಯದಲ್ಲಿ ತೂತುಗಳ ಒಂದು ತಟ್ಟೆ, ತಳ ಆಲಿಕೆಯ ಆಕಾರ, ಹೊರಹೋಗುವ ಬಾಯಿಯ ಮೇಲೆ ಸುಳಿ ಏಳದಂತೆ ಕೂಡಿಸಿದ ಎರಡು ಅಡ್ಡಪಟ್ಟಿ. ಟ್ಯಾಂಕಿನ ತಳ ಪಂಪಿನ ಬಾಯಿಗಿಂತ ಮೇಲಿರಲಿ. ಈ ಅಳತೆಯಲ್ಲಿ ಮಟ್ಟ ಒಂದು ಸೆಂ.ಮೀ. ಇಳಿದರೆ 177 ಮಿ.ಲೀ. ಕಡಿಮೆಯಾಯಿತು ಎಂದರ್ಥ, ಅಳೆಯುವ ಕಡ್ಡಿಗೆ ಈ ಲೆಕ್ಕದಲ್ಲೇ ಗೀಟು ಹಾಕಿಕೊಳ್ಳಿ. ಮೇಲಿನ ಗಾಳಿಕೊಳವೆ ಉಕ್ಕಿದ ಆಯಿಲ್ ಹಿಡಿಯುವ ಒಂದು ಕ್ಯಾಚ್ ಟ್ಯಾಂಕಿಗೆ ಹೋಗಬೇಕು. ರೇಸ್ ನಿಯಮಗಳಲ್ಲಿ 2000 ಸಿಸಿವರೆಗಿನ ಎಂಜಿನ್ನಿಗೆ 2 ಲೀಟರಿನದು, ಅದಕ್ಕೆ ಮೇಲ್ಪಟ್ಟರೆ 3 ಲೀಟರಿನದು ಕೇಳುತ್ತಾರೆ.

ಪೈಪುಗಳ ವಿಷಯದಲ್ಲಿ ಟ್ಯಾಂಕಿನಿಂದ ಪ್ರೆಶರ್ ಪಂಪಿಗೆ ಬರುವ ಹೀರುಪೈಪು ಎಲ್ಲಕ್ಕಿಂತ ಮುಖ್ಯ. ಪಂಪು ಆಯಿಲನ್ನು ‘ಎಳೆಯುತ್ತದೆ’ ಎಂದು ಬಾಯಿಮಾತಿಗೆ ಹೇಳುತ್ತೇವೆ, ನಿಜದಲ್ಲಿ ಹೊರಗಿನ ಗಾಳಿಯ ಒತ್ತಡ ಅದನ್ನು ಪಂಪಿನೊಳಗೆ ತಳ್ಳುತ್ತದೆ. ಸಮುದ್ರಮಟ್ಟದಿಂದ 800 ಮೀಟರ್ ಮೇಲಿರುವ ತುಮಕೂರಿನಲ್ಲಿ ಆ ಒತ್ತಡವೂ ನೂರಕ್ಕೆ ಎಂಟೊಂಬತ್ತು ಪಾಲು ಕಡಿಮೆ. ನಿಮಿಷಕ್ಕೆ 35 ಲೀಟರ್ ಹೋಗುವಾಗ 17 ಮಿ.ಮೀ. ಒಳದಾರಿಯಲ್ಲಿ ಆಯಿಲಿನ ವೇಗ ಸೆಕೆಂಡಿಗೆ 2.6 ಮೀಟರ್. 11 ಮಿ.ಮೀ. ದಾರಿಯಲ್ಲಿ 6 ಮೀಟರ್ ದಾಟುತ್ತದೆ, ಅಲ್ಲಿ ಪಂಪಿನ ಬಾಯಲ್ಲೇ ಗುಳ್ಳೆ ಒಡೆಯತೊಡಗುತ್ತದೆ. ಆದ್ದರಿಂದ ಎಎನ್ ಎಂಬ ಫಿಟ್ಟಿಂಗ್ ಅಳತೆಯಲ್ಲಿ 12ಕ್ಕಿಂತ ಸಣ್ಣದು ಬೇಡ, ಉದ್ದವಿದ್ದರೆ ಎಎನ್ 16 ಹಾಕಿ, 90 ಡಿಗ್ರಿ ಎಲ್ಬೋಗಳನ್ನು ಆದಷ್ಟು ತಪ್ಪಿಸಿ.

ಜೆಸಿಬಿ, ಬೋರ್‌ವೆಲ್ ಲಾರಿಗಳಿಗೆ ಹೋಸ್ ಒತ್ತಿಕೊಡುವ ಹೈಡ್ರಾಲಿಕ್ ಅಂಗಡಿಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ. ಅವರಲ್ಲಿರುವ ಜೆಐಸಿ ಫಿಟ್ಟಿಂಗಿನ ಕೋನವೂ ಎಎನ್ ಫಿಟ್ಟಿಂಗಿನ ಹಾಗೆ 37 ಡಿಗ್ರಿಯೇ, ದಾರವೂ ಕೂಡುತ್ತದೆ. ತೂಕ ಹೆಚ್ಚು, ಬೆಲೆ ಕಡಿಮೆ, ಕೆಲಸಕ್ಕೆ ಏನೂ ಕೊರತೆಯಿಲ್ಲ. ಒಂದು ಮೋಸ ಮಾತ್ರ ಕಾದಿರುತ್ತದೆ. 12ನೇ ಸೈಜಿನ ಜೆಐಸಿ ದಾರದ ಹೊರವ್ಯಾಸ 26.99 ಮಿ.ಮೀ., ಪೈಪುಗಳ ಇನ್ನೊಂದು ಮಾದರಿ ದಾರವಾದ ಮುಕ್ಕಾಲು ಇಂಚಿನ ಬಿಎಸ್‌ಪಿಯದು 26.44 ಮಿ.ಮೀ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಒಂದೆರಡು ಸುತ್ತು ಹಿಡಿದೂ ಬಿಡುತ್ತದೆ. ಜೆಐಸಿಗೆ ಇಂಚಿಗೆ 12 ಎಳೆ, ಬಿಎಸ್‌ಪಿಗೆ 14. ದಾರದ ಗೇಜ್ ಇಟ್ಟು ನೋಡದೆ ಸ್ಪ್ಯಾನರ್ ಹಾಕಬೇಡಿ. ಹೀರುವ ಬದಿಗೆ ಒಳಗೆ ತಂತಿಸುರುಳಿ ಇರುವ ಹೋಸೇ ಬೇಕು. ಮೆತ್ತನೆಯ ಹೋಸ್ ಬಿಸಿಯಲ್ಲಿ ಒಳಕ್ಕೆ ಅಂಟಿಕೊಂಡು ದಾರಿ ಮುಚ್ಚುತ್ತದೆ, ಎಂಜಿನ್ ನಿಲ್ಲಿಸಿದೊಡನೆ ಮತ್ತೆ ಉಬ್ಬಿ ಏನೂ ಆಗದ ಹಾಗೆ ಕಾಣುತ್ತದೆ. ಹೋಸಿನ ಮೇಲೆ ಅಚ್ಚಾಗಿರುವ ತಾಪಮಾನ ಓದಿ. ಹೈಡ್ರಾಲಿಕ್ ಹೋಸುಗಳಲ್ಲಿ ಎಷ್ಟೋ 100 ಡಿಗ್ರಿಗೇ ನಿಲ್ಲುತ್ತವೆ, ಟ್ರ್ಯಾಕಿನಲ್ಲಿ ಆಯಿಲ್ 120 ಮುಟ್ಟುತ್ತದೆ. ಹೋಸ್ ಕತ್ತರಿಸಿದ ಮೇಲೆ ಒಳಗೆ ಉಳಿಯುವ ರಬ್ಬರ್ ಪುಡಿಯನ್ನು ಒದ್ದೆ ಬಟ್ಟೆ ಎಳೆದು ತೆಗೆಯಿರಿ. ಕೋನದ ಫಿಟ್ಟಿಂಗಿಗೆ ಟೆಫ್ಲಾನ್ ಟೇಪ್ ಸುತ್ತಲೇಬಾರದು. ಸೋರಿಕೆ ತಡೆಯುವುದು ಕೋನ, ದಾರವಲ್ಲ. ಹರಿದ ಟೇಪು ಬೇರಿಂಗಿನ ತೂತಿಗೆ ಹೋಗಿ ಕೂರುತ್ತದೆ.

ಸ್ಕ್ಯಾವೆಂಜ್ ಪೈಪಿನಲ್ಲಿ ಪಂಪಿಗೆ ಮೊದಲು ಸ್ಟೀಲ್ ಜಾಲರಿ, ಪ್ರೆಶರ್ ಬದಿಯಲ್ಲಿ ಪಂಪಿಗೂ ಎಂಜಿನ್ನಿಗೂ ನಡುವೆ ಫಿಲ್ಟರ್. ಕೂಲರನ್ನು ವಾಪಸ್ ಬರುವ ಪೈಪಿನಲ್ಲಿ ಥರ್ಮೋಸ್ಟ್ಯಾಟಿನ ಜೊತೆ ಹಾಕಿ. ಅಲ್ಲಿ ನೊರೆ ಇರುವುದರಿಂದ ತಂಪು ಸ್ವಲ್ಪ ಕಡಿಮೆ ಎನ್ನುವವರಿದ್ದಾರೆ, ನಿಜ. ಆದರೆ ಕೂಲರಿಗೆ ಕಲ್ಲು ಬಡಿದು ಸೋರಿದಾಗ ಬೇರಿಂಗಿನ ಪ್ರೆಶರ್ ಆ ಕ್ಷಣವೇ ಹೋಗದಿರುವುದು ಅದಕ್ಕಿಂತ ಮುಖ್ಯ. ಒಮ್ಮೆ ಬೇರಿಂಗ್ ಹೋದ ಎಂಜಿನ್ನಿನ ಕೂಲರನ್ನು ತೊಳೆದು ಮತ್ತೆ ಬಳಸಬೇಡಿ. ಅದರ ಸಂದುಗಳಲ್ಲಿ ಕೂತ ಲೋಹದ ಪುಡಿ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ.

ಮೊದಲ ಸ್ಟಾರ್ಟ್ ಅವಸರದಲ್ಲಿ ಮಾಡುವ ಕೆಲಸವಲ್ಲ. ಪಂಪಿನ ಬಾಯಿಗಳಿಗೂ ಫಿಲ್ಟರಿಗೂ ಆಯಿಲ್ ಸುರಿದು, ಟ್ಯಾಂಕ್ ತುಂಬಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡು, ನಡುವೆ ಬಿಡುವು. ಗೇಜಿನ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ. ಸ್ಟಾರ್ಟ್ ಆಗಿ ಐದು ಸೆಕೆಂಡಿನಲ್ಲಿ ಪ್ರೆಶರ್ ಬಾರದಿದ್ದರೆ ತಕ್ಷಣ ಆಫ್ ಮಾಡಿ ಕಾರಣ ಹುಡುಕಿ. ಬಿಸಿಯಾದ ಎಂಜಿನ್ನಿನಲ್ಲಿ ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಸಿಗುತ್ತಿದ್ದರೆ ಚೆನ್ನಾಗಿದೆ. ಆಯಿಲ್ 80 ಡಿಗ್ರಿ ಆಗುವವರೆಗೆ ಎಂಜಿನ್ ಏರಿಸಬೇಡಿ. ಕಂಪನಿಯ ಆಯಿಲ್ ಲೈಟಿನ ಸ್ವಿಚ್ಚು 5-6 ಪಿಎಸ್‌ಐಗೆ ಇಳಿದ ಮೇಲಷ್ಟೇ ಉರಿಯುತ್ತದೆ. ಅಷ್ಟರಲ್ಲಿ ಬೇರಿಂಗ್ ಇರುವುದಿಲ್ಲ. 25-30 ಪಿಎಸ್‌ಐಗೆ ಉರಿಯುವ ಸ್ವಿಚ್ಚು ಹಾಕಿ, ಕಣ್ಣೆದುರಿಗೇ ದೊಡ್ಡ ಕೆಂಪು ಲೈಟು ಕೊಡಿ.

ಆಯಿಲ್ ಮಟ್ಟ ನೋಡುವುದು ಬಿಸಿ ಎಂಜಿನ್ ಓಡುತ್ತಿರುವಾಗ, ಅಥವಾ ಆಫ್ ಮಾಡಿದ ಒಂದು ನಿಮಿಷದೊಳಗೆ. ವಾರ ನಿಂತ ಕಾರಿನಲ್ಲಿ ಆಯಿಲ್ ಪಂಪಿನ ಸಂದಿನಿಂದ ನಿಧಾನವಾಗಿ ಚೇಂಬರಿಗೆ ಇಳಿದಿರುತ್ತದೆ. ಕಡ್ಡಿ ಅದ್ದಿ ‘ಕಡಿಮೆಯಿದೆ’ ಎಂದು ಒಂದು ಲೀಟರ್ ಸುರಿದರೆ, ಸ್ಟಾರ್ಟ್ ಮಾಡಿದೊಡನೆ ಅಷ್ಟೂ ಕ್ಯಾಚ್ ಟ್ಯಾಂಕಿನಿಂದ ಉಕ್ಕಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳಬಹುದು. ಬೆಂಕಿ ಹೊತ್ತುವುದು ಹೀಗೆ.

ಇನ್ನೊಂದು ಮಾತು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹೇಳಿದೆ. ಟ್ರ್ಯಾಕಿಗೆಂದು ಕಟ್ಟಿದ ಕಾರನ್ನು ಲಾರಿಯಲ್ಲೋ ಟ್ರೇಲರಿನಲ್ಲೋ ಟ್ರ್ಯಾಕಿಗೆ ಒಯ್ಯಬೇಕೇ ಹೊರತು ಬಿ.ಎಚ್. ರಸ್ತೆಯಲ್ಲಿ ಓಡಿಸಿ ಪರೀಕ್ಷೆ ಮಾಡಬಾರದು.

ಮೊದಲ ಒಂದು ಗಂಟೆ ಓಡಿದ ಮೇಲೆ ಆಯಿಲನ್ನು ಟ್ಯಾಂಕಿನಿಂದ, ಚೇಂಬರಿನಿಂದ, ಕೂಲರಿನಿಂದ ಮೂರೂ ಕಡೆ ಇಳಿಸಿ, ಫಿಲ್ಟರಿನ ಡಬ್ಬಿಯನ್ನು ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟದ ಬೆಳ್ಳಿ ಬಣ್ಣದ ಸಿಪ್ಪೆ ಬಂದರೆ ತಟ್ಟೆ ಕೊರೆದಾಗ ಉಳಿದ ಅಲ್ಯೂಮಿನಿಯಂ ಇದ್ದೀತು, ಇನ್ನೊಮ್ಮೆ ಆಯಿಲ್ ಬದಲಿಸಿ ನೋಡಬಹುದು. ತೆಳ್ಳನೆಯ ಬೂದು ಹಾಳೆಗಳು, ಅವುಗಳ ಜೊತೆ ತಾಮ್ರದ ಬಣ್ಣದ ಮಿಣುಕು ಕಂಡರೆ ಅದು ಬೇರಿಂಗಿನದೇ. ಆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡದೆ ಬಿಚ್ಚಬೇಕು. ಬಿಚ್ಚಿದಾಗ ಬೇರಿಂಗಿಗಿಂತ ಮೊದಲು ಎರಡೂ ಹೀರುಬಾಯಿಗಳ ಜಾಲರಿ ನೋಡಿ. ಯಾವ ಜಾಲರಿ ಒಣಗಿ ಸ್ವಚ್ಛವಾಗಿದೆಯೋ ಆ ಪೈಪಿನಲ್ಲಿ ಆಯಿಲ್ ಬಂದೇ ಇಲ್ಲ.

ಇಂತಿ,
ಎಂಜಿನ್ ಕೆಲಸದ ಓದುಗ
ತುಮಕೂರು